ದೋಣಿಯ ಎಣ್ಣೆ, ಕುದುರೆಯ ಗೊರಸು

ಆ ಶುಕ್ರವಾರ ಬೆಳಿಗ್ಗೆಯೂ ಎಂದಿನ ಹಾಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿದೆ, ಕತ್ತರಿಸಿದ ಚೂರು ಎಲ್ಲಿ ಬಿತ್ತೆಂದು ಹುಡುಕಿದೆ, ಸಿಗಲಿಲ್ಲ. ನನಗೆ ಸಿಗದ ದಿನ ಅದು ನನ್ನ ಗಂಡನ ಚಹಾದಲ್ಲಿ ಸಿಗುತ್ತದೆ. ಅವರು ಬಯ್ಯುವವರಲ್ಲ. ಚೂರನ್ನು ಬೆರಳ ತುದಿಯಿಂದ ಎತ್ತಿ ಬಸಿಯ ಅಂಚಿಗೆ ಅಂಟಿಸಿ, ನನ್ನ ಕಣ್ಣಿಗೆ ಬೀಳುವಂತೆ ಬಸಿಯನ್ನು ತಿರುಗಿಸಿಟ್ಟು ಏಳುತ್ತಾರೆ. ಏಳು ಗಂಟೆಗೆ ನಲ್ಲಿಯಲ್ಲಿ ನೀರು ಬಂತು. ಎರಡು ಕೊಡ, ಒಂದು ಡ್ರಮ್ಮು, ಬಚ್ಚಲಿನ ಬಾಲ್ದಿ ತುಂಬಿಸಿದೆ. ದೋಸೆ ಹೊಯ್ದೆ. ಡಬ್ಬಿಗೆ ಅನ್ನ, ಸಾರು, ಬೆಂಡೆಕಾಯಿ ಪಲ್ಯ ಹಾಕಿ ಮುಚ್ಚಳ ಒತ್ತುವಾಗ ಮಾತ್ರ ಕೈ ನೋಯಿತು. ಬಲಗೈಯ ಮೂರು ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದೆ.

“ಇನ್ನೂ ವಾಸಿ ಆಗ್ಲಿಲ್ವ?” ಎಂದರು ಇವರು.

“ಹೇಳಿದೆನಲ್ಲ, ಸೋಮವಾರ ಬಂಗಡೆ ಹುರಿಯುವಾಗ ಎಣ್ಣೆ ಸಿಡಿದದ್ದು.”

ಇವರು ಚಪ್ಪಲಿ ಹಾಕಿಕೊಳ್ಳುತ್ತ, “ಸೋಮವಾರ ನಾವು ಮೀನು ತಿನ್ನೂದಿಲ್ಲವಲ್ಲ,” ಎಂದು ಮೆಲ್ಲಗೆ ಹೇಳಿ, ಉತ್ತರಕ್ಕೆ ಕಾಯದೆ ಸ್ಕೂಟರ್ ಹೊರಡಿಸಿದರು.

ಸುಳ್ಳು ಹೇಳುವುದರಲ್ಲಿ ನನಗೆ ತರಬೇತಿ ಸಾಲದು. ಅಂಕೋಲೆಯಿಂದ ದಿನವೂ ಬಸ್ಸಿನಲ್ಲಿ ಬಂದು ಇದೇ ಕಾರವಾರದ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ತಪ್ಪು ಮಾಡಿದವರು ಎದ್ದು ನಿಂತು ಹೇಳಬೇಕೆಂದು ಸಿಸ್ಟರುಗಳು ಕಲಿಸಿದ್ದರು. ನಾನು ಕಲಿತದ್ದು, ಎರಡು ನಿಮಿಷ ತಲೆ ತಗ್ಗಿಸಿ ಕೂತರೆ ಬೇರೆ ಯಾರಾದರೂ ಎದ್ದು ನಿಲ್ಲುತ್ತಾರೆ ಎಂಬುದನ್ನು. ಆ ವಿದ್ಯೆಯಿಂದಲೇ ಐವತ್ತೆರಡು ವರ್ಷ ಸಲೀಸಾಗಿ ಕಳೆದಿದ್ದೇನೆ.

ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸೊಂಟದೆತ್ತರದ ಚಿರೆಕಲ್ಲಿನ ಗೋಡೆ, ಅದರಾಚೆ ಪಕ್ಕದ ಮನೆಯ ಹಿತ್ತಿಲು, ಹಿತ್ತಿಲಿನ ಗೇರುಮರದ ಕೆಳಗೆ ಕುದುರೆ. ಕಂದು ಬಣ್ಣದ ಹೆಣ್ಣು ಕುದುರೆ. ಹಣೆಯ ಮೇಲೆ ಸುಣ್ಣದ ಕೈ ಒರೆಸಿದಂತಹ ಬಿಳಿ. ಪಕ್ಕದ ಮನೆಯ ಯಜಮಾನರು ಅದನ್ನು ಸಂಜೆ ಕಡಲತೀರಕ್ಕೆ ಒಯ್ದು ಮಕ್ಕಳನ್ನು ಕೂರಿಸಿ ತಿರುಗಿಸುತ್ತಾರೆ. ಬೆಳಗಿನ ಹೊತ್ತು ತೋಟದ ಕೂಲಿಗೆ ಹೋಗುತ್ತಾರೆ. ಮಳೆಗಾಲ ಮುಗಿದು ಪ್ರವಾಸಿಗರು ಬರತೊಡಗಿದ್ದರು; ಕುದುರೆ ದುಡಿಯಬೇಕಾದ ಹೊತ್ತು ಅದು. ಆದರೆ ಕುದುರೆ ಮೂರು ಕಾಲಿನ ಮೇಲೆ ನಿಂತಿತ್ತು. ಮುಂದಿನ ಎಡಗಾಲನ್ನು ಮಡಚಿ, ಗೊರಸಿನ ತುದಿ ನೆಲಕ್ಕೆ ತಾಗಿತೋ ಇಲ್ಲವೋ ಎಂಬಷ್ಟು ಎತ್ತಿ ಹಿಡಿದಿತ್ತು. ಅದರ ಮುಂದೆ ಹುಲ್ಲು ಹಾಗೇ ಬಿದ್ದಿತ್ತು.

ಮೂರು ಕಾಲಿನ ಕುದುರೆಯನ್ನು ಕಟ್ಟಿಕೊಂಡು ಏನು ಮಾಡುವುದೆಂದು ಯಜಮಾನರು ಹಿಂದಿನ ದಿನವೇ ಘಟ್ಟದ ಮೇಲಿನ ಒಬ್ಬ ವ್ಯಾಪಾರಿಗೆ ಫೋನ್ ಮಾಡಿಯಾಗಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಗಾಡಿ ಬರುತ್ತದೆ, ಕುದುರೆ ಹತ್ತಿಸಿ ಕಳಿಸುವುದು. ಕುಂಟುವ ಕುದುರೆಯನ್ನು ಅವನು ಯಾಕೆ ಕೊಳ್ಳುತ್ತಾನೆ, ಒಯ್ದು ಏನು ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ. ಕೇಳದೆಯೂ ಎಲ್ಲರಿಗೂ ಗೊತ್ತಿತ್ತು.

ಆ ಕಾಲು ಹಾಗಾದದ್ದಕ್ಕೆ ಕಾರಣ ನಾನೇ ಎಂದು ನನ್ನ ಒಬ್ಬಳ ಅನುಮಾನ.

ನಡೆದದ್ದು ಇಷ್ಟು. ಭಾನುವಾರ ಗೋಡೆಯ ಬಳಿ ಬಟ್ಟೆ ಒಣಹಾಕುವಾಗ ಕೆಟ್ಟ ವಾಸನೆ ಬಂತು. ನನ್ನ ಮೂಗು ಹಿಂದಿನಿಂದಲೂ ಚುರುಕು. ಯಜಮಾನರು ಕುದುರೆಯ ಕಾಲೆತ್ತಿ ತೋರಿಸಿದರು. ಗೊರಸಿನ ಅಡಿಯಲ್ಲಿ ನಡುವೆ ಮೆತ್ತಗಿನ ಒಂದು ಮೂರುಮೂಲೆಯ ಭಾಗವಿರುತ್ತದೆ, ಅದರ ಇಕ್ಕೆಲದ ಸಂದಿನಲ್ಲಿ ಕಪ್ಪಗೆ ಕೊಳೆತಿತ್ತು. ನಾಲ್ಕು ತಿಂಗಳು ಒದ್ದೆ ನೆಲದಲ್ಲಿ ನಿಂತ ಫಲ. ಮಳೆಗಾಲಕ್ಕೆಂದು ಲಾಳ ಬೇರೆ ತೆಗೆಸಿಬಿಟ್ಟಿದ್ದರು. ಲಾಳ ಹೊಡೆಯುವವರು ಬೆಳಗಾವಿಯಿಂದ ಇನ್ನೂ ಬಂದಿರಲಿಲ್ಲ.

“ಪಶು ಡಾಕ್ಟರಿಗೆ ಹೇಳ್ಬೇಕೇನೋ ಬಾಯಿ,” ಎಂದರು ಅವರು, ಓಣಿಯ ಕೊಂಕಣಿಯಲ್ಲಿ ಅಮ್ಮನವರೇ ಎನ್ನುವ ಹಾಗೆ.

ಅಲ್ಲಿಗೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಅಂಕೋಲೆಯ ಮಗಳು. ನಮ್ಮಲ್ಲಿ ನೀರಿನಲ್ಲಿ ಕೊಳೆಯುವ ಯಾವುದಕ್ಕೂ ಒಂದೇ ಔಷಧ: ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ, ಕಾಕಂಬಿಯಷ್ಟು ದಪ್ಪಗಿನ ಕರಿ ಎಣ್ಣೆ. ಮರದ ದೋಣಿಗಳಿದ್ದ ಕಾಲದಲ್ಲಿ ಅವುಗಳ ಹೊಟ್ಟೆಗೆ ಅದನ್ನೇ ಬಳಿಯುತ್ತಿದ್ದರು, ನೀರು ಒಳಗೆ ಇಳಿಯದಿರಲಿ, ಹುಳು ಹಿಡಿಯದಿರಲಿ ಎಂದು. ಬೇಲಿಯ ಗೂಟಕ್ಕೆ, ಮಾಡಿನ ಪಕಾಸಿಗೆ ಅದೇ. ನಾಟಿಗೆ ಬರುತ್ತಿದ್ದ ಹೆಂಗಸರ ಕಾಲ್ಬೆರಳ ಸಂದು ಕೆಸರಿನಲ್ಲಿ ಕೊಳೆತರೆ ನನ್ನ ಅಜ್ಜಿ ಕೋಳಿಪುಕ್ಕದ ತುದಿಯಲ್ಲಿ ಒಂದೇ ಒಂದು ಹನಿ ಅದನ್ನೇ ಮುಟ್ಟಿಸುತ್ತಿದ್ದಳು. ಗೊರಸು ಅಂದರೆ ಕಟ್ಟಿಗೆಯಂಥದ್ದು, ದೋಣಿಯೂ ಕಟ್ಟಿಗೆಯದ್ದು. ಕುದುರೆಗೆ ಇರುವುದೂ ಕಾಲು, ನಾಟಿಯವರಿಗೆ ಇರುವುದೂ ಕಾಲು. ಎರಡು ಕಡೆಯಿಂದಲೂ ಲೆಕ್ಕ ಸರಿಯಾಗಿ ಬಂತು. ಹತ್ತನೆಯ ತರಗತಿಯ ಜ್ಯಾಮಿತಿಯಲ್ಲಿ ನನಗೆ ಒಂದು ಪ್ರಮೇಯವೂ ಇಷ್ಟು ಚೆನ್ನಾಗಿ ಕೂಡಿಬಂದಿರಲಿಲ್ಲ.

ತವರಿನಿಂದ ಗೂಟಕ್ಕೆಂದು ತಂದಿದ್ದ ಅರ್ಧ ಬಾಟ್ಲಿ ನಮ್ಮ ಬಚ್ಚಲ ಹಿಂದೆ ಇತ್ತು. ಅಜ್ಜಿಯ ಒಂದು ಹನಿ ನನಗೆ ನೆನಪಿತ್ತು. ಆದರೆ ಕುದುರೆ ದೊಡ್ಡ ಪ್ರಾಣಿ ಎಂದುಕೊಂಡು ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನ ಮೂರು ಕೋಟಿಂಗ್ ಹೊಡೆದೆ. ಯಜಮಾನರು ಕಾಲು ಎತ್ತಿ ಹಿಡಿಯುವುದು, ನಾನು ಹಳೆಯ ಪೇಂಟ್ ಬ್ರಶ್ಶಿನಿಂದ ಅಡಿಯಿಡೀ ಬಳಿಯುವುದು. ಬಳಿಯುವಾಗ “ಗುಡ್ ಗರ್ಲ್, ಸ್ಟೆಡಿ, ಸ್ಟೆಡಿ” ಎಂದು ಇಂಗ್ಲಿಷಿನಲ್ಲಿ ಮಾತಾಡಿಸಿದೆ. ಕುದುರೆಯೊಡನೆ ಬೇರೆ ಯಾವ ಭಾಷೆಯಲ್ಲಿ ಮಾತಾಡಬಹುದೆಂದು ನನಗೆ ಹೊಳೆದಿರಲಿಲ್ಲ. ಕಾನ್ವೆಂಟಿನ ಪಾಠಪುಸ್ತಕದ ಚಿತ್ರಗಳಲ್ಲಿ ಕುದುರೆಗಳೆಲ್ಲ ಇಂಗ್ಲಿಷರ ಪಕ್ಕದಲ್ಲೇ ನಿಂತಿರುತ್ತಿದ್ದವು.

ಯಜಮಾನರ ಹೆಂಡತಿ ಬಟ್ಟೆ ಒಗೆಯುತ್ತ ನೋಡುತ್ತಿದ್ದರು. ಓಣಿಯವರೆಲ್ಲ ಅವರನ್ನು ವಯ್ನಿ, ಅಂದರೆ ಅತ್ತಿಗೆ, ಎನ್ನುತ್ತಾರೆ, ನಾನೂ. ಅವರ ತವರು ಅಂಕೋಲೆಯ ಹತ್ತಿರದ ಅಗಸೂರು. ಕೊಂಕಣಿಯ ಓಣಿಯಲ್ಲಿ ಅಂಕೋಲೆಯ ಕನ್ನಡದಲ್ಲಿ ಹರಟಲು ನನಗಿರುವವರು ಅವರೊಬ್ಬರೇ. ನನ್ನನ್ನು ಅವರು ಕರೆಯುವುದು ‘ಅಕ್ಕೋರೆ’ ಎಂದು. ನಮ್ಮ ಕಡೆ ಶಾಲೆಯ ಟೀಚರಿಗೆ ಹಾಗನ್ನುತ್ತಾರೆ. ನಾನು ಒಂದು ದಿನವೂ ಯಾರಿಗೂ ಪಾಠ ಹೇಳಿದವಳಲ್ಲ. ಅದು ಗೌರವವೋ ಚೇಷ್ಟೆಯೋ ಎಂದು ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದೇನೆ.

“ಅಕ್ಕೋರೆ, ಅದು ಬೆಳಗಾವಿ ಬದಿಂದ ತಂದ ಕುದ್ರೆ. ನಿಮ್ಮ ಇಂಗ್ಲೀಷು ಅದ್ಕೆ ಹೆಂಗೆ ತಿಳೀತದೆ? ಮರಾಠಿ ಹೇಳಿ,” ಎಂದರು.

“ನನಗೆ ಮರಾಠಿ ಬರೂದಿಲ್ಲ ವಯ್ನಿ.”

“ಅದ್ಕೆ ಇಂಗ್ಲೀಷು ಬರೂದಿಲ್ಲ. ಹಾಂಗಾರೆ ಇಬ್ರೂ ಸುಮ್ನೆ ಇರಿ.”

ಬುಧವಾರ ಸಂಜೆ ಕುದುರೆ ಸ್ವಲ್ಪ ಕುಂಟಿತು. ಗುರುವಾರ ಬೆಳಿಗ್ಗೆ ಕಾಲನ್ನೇ ಊರಲಿಲ್ಲ. ಅಷ್ಟರಲ್ಲಿ ನನ್ನ ಬೆರಳ ಸಂದುಗಳಲ್ಲಿ ಬೊಬ್ಬೆ ಎದ್ದು, ಚರ್ಮ ಬಾಳೆಹಣ್ಣಿನ ಸಿಪ್ಪೆಯಂತೆ ಕಪ್ಪಾಗಿತ್ತು. ಗೇರೆಣ್ಣೆ ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕೆಂದು ಅಂಕೋಲೆಯ ಎಂಟು ವರ್ಷದ ಮಕ್ಕಳಿಗೂ ಗೊತ್ತು. ನನ್ನ ಕೈಗೇ ಹೀಗಾದರೆ ಅದರ ಕಾಲಿಗೆ ಏನಾಗಿರಬೇಡ ಎಂದು ಯೋಚನೆ ಹತ್ತಿತು. ಹತ್ತಿತು ಅಷ್ಟೇ. ಯಾರಿಗೂ ಹೇಳಲಿಲ್ಲ. ತಲೆ ತಗ್ಗಿಸಿ ಕೂತೆ.

ಆದರೆ ಆ ಶುಕ್ರವಾರ ಕಿಟಕಿಯಿಂದ ಕಂಡದ್ದು ಬೇರೆ. ಯಜಮಾನರು ಕೂಲಿಗೆ ಹೋಗಿರಲಿಲ್ಲ. ಸಂಜೆ ಗಾಡಿ ಹತ್ತುವ ಕುದುರೆಗೆ ಅವರು ಮೈ ತೊಳೆಯುತ್ತಿದ್ದರು. ಬಾಲವನ್ನು ಸೋಪು ಹಚ್ಚಿ, ಬಿಡಿಸಿ ಬಿಡಿಸಿ, ಹಬ್ಬಕ್ಕೆ ಹೊರಟ ಹೆಣ್ಣುಮಗಳ ಕೂದಲಿನಂತೆ ಬಾಚುತ್ತಿದ್ದರು. ಕುದುರೆ ಮೂರು ಕಾಲಿನ ಮೇಲೆ ತೂಗಾಡಿದಾಗಲೆಲ್ಲ ಅದರ ಹೆಗಲಿಗೆ ತಮ್ಮ ಹೆಗಲು ಕೊಟ್ಟು ನಿಲ್ಲುತ್ತಿದ್ದರು.

ನಾನು ಗೋಡೆಯ ಬಳಿ ಹೋದೆ.

“ಎಂತ ಮಾಡೂದು ಹೇಳಿ ಅಕ್ಕೋರೆ,” ಎಂದರು ವಯ್ನಿ, ಕೈಯಲ್ಲಿ ಹಿಡಿದ ರೊಟ್ಟಿಯ ತಟ್ಟೆಯನ್ನು ಗೋಡೆಯ ಮೇಲಿಟ್ಟು. “ಇವ್ರು ನಿನ್ನೆಯಿಂದ ಊಟಾನೇ ಮಾಡ್ಲಿಲ್ಲ. ಹೋಗೂದು ಕುದ್ರೆ, ಉಪವಾಸ ಇವ್ರು. ನಾ ಸತ್ರೂ ಇಷ್ಟು ಮಾಡೂದಿಲ್ಲ.”

“ನೀ ಸತ್ರೆ ನಾ ಎರಡು ಹೊತ್ತು ಉಣ್ತೆ,” ಎಂದರು ಯಜಮಾನರು, ಬಾಲದ ಹಿಂದಿನಿಂದ. ಆದರೆ ದನಿಯಲ್ಲಿ ನಗು ಇರಲಿಲ್ಲ.

“ಪಶು ಡಾಕ್ಟರಿಗೆ ಫೋನ್ ಮಾಡೋಣ,” ಎಂದೆ ನಾನು.

“ಇನ್ನೆಂತಕ್ಕೆ ಬಾಯಿ? ನಿಮ್ಮ ಔಷಧಿಗೇ ಆಗ್ಲಿಲ್ಲ ಅಂದ್ರೆ...”

ಆ ಮಾತಿನಲ್ಲಿ ಚೂರೂ ಕೊಂಕಿರಲಿಲ್ಲ. ನನ್ನ ಮೇಲೆ ನಿಜವಾದ ನಂಬಿಕೆಯಿತ್ತು. ಅದನ್ನು ಕೇಳಿ ನಿಲ್ಲಲಾಗದೆ ಒಳಗೆ ಹೋಗಿ ಪಶು ಆಸ್ಪತ್ರೆಯ ನಂಬರು ಹುಡುಕಿ ಫೋನ್ ಮಾಡಿದೆ. ಎಡಗೈಯಿಂದ ಒತ್ತಿದ್ದರಿಂದ ಮೊದಲು ಎರಡು ಸಲ ಅದು ಬೇರೆಲ್ಲಿಗೋ ಹೋಯಿತು.

ಹನ್ನೊಂದರ ಹೊತ್ತಿಗೆ ಡಾಕ್ಟರು ಸ್ಕೂಟಿಯಲ್ಲಿ ಬಂದರು. ಇನ್ನೂ ಮೂವತ್ತು ದಾಟದ ಹುಡುಗಿ, ಧಾರವಾಡದ ಕಡೆಯವರು. ಪ್ಯಾಂಟನ್ನು ಗಂಬೂಟಿನೊಳಗೆ ತುರುಕಿಕೊಂಡಿದ್ದರು. “ನಾ ದಿನಾ ನೋಡೂದು ಆಕಳಾ, ನಾಯಿ. ಕುದರಿ ಕಾಲೇಜಿನ್ಯಾಗ ನೋಡಿದ್ದು. ಆದ್ರ ಮರ್ತಿಲ್ಲ,” ಎಂದು ಮೊದಲೇ ಹೇಳಿ, ಕುದುರೆಯ ಕಣಕಾಲಿನ ಹಿಂದೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಗೊರಸಿನ ಗೋಡೆಗೆ ಅಂಗೈ ಇಟ್ಟರು. “ನೋಡ್ರಿ, ಇಲ್ಲಿ ನಾಡಿ ಹೆಂಗ ಬಡ್ಯಾಕತ್ತೇತಿ. ಗೊರಸೂ ಬಿಸಿ ಐತಿ. ಒಳಗ ಕೀವು ಅದ. ಒಳಗ ಒತ್ತಡ, ಹೊರಗ ದಾರಿ ಇಲ್ಲ. ಅದಕ್ಕ ಅದು ಕಾಲ ಊರಂಗಿಲ್ಲ.”

ಯಜಮಾನರು ಕಾಲೆತ್ತಿ ತಮ್ಮ ಮೊಣಕಾಲುಗಳ ನಡುವೆ ಹಿಡಿದರು. ಡಾಕ್ಟರು ಬಗ್ಗಿ ನೋಡಿ ಹಾಗೇ ನಿಂತರು.

“ಇದೇನ್ರಿ ಇದು? ಡಾಂಬರಾ?”

ಮೂರು ಕೋಟಿಂಗ್ ಒಣಗಿ ಗೊರಸಿನ ಅಡಿಯಿಡೀ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟಾಗಿತ್ತು. ಅಂಚುಗಳನ್ನು ಕೂಡ ಬಿಟ್ಟಿರಲಿಲ್ಲ.

“ಯಾರ್ ಹಚ್ಚ್ಯಾರ್ರಿ ಇದನ್ನ?”

ಯಜಮಾನರು ಗೇರುಮರದ ಕೊಂಬೆಗಳನ್ನು ನೋಡಿದರು. ವಯ್ನಿ, “ಎಲ್ಲಾದ್ರೂ ತುಳಿದು ಬಂದಿರ್ಬೇಕು, ರೋಡಿನ ಕೆಲಸ ನಡೀತದಲ್ಲ,” ಎಂದರು. ಅವರಿಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಕುದುರೆ ಸಂಜೆಗೆ ಇಲ್ಲವಾಗುತ್ತದೆ ಎಂದು ಗೊತ್ತಿದ್ದೂ ಗೋಡೆಯಾಚೆಯ ಬಾಯಿಯ ಮರ್ಯಾದೆ ಕಾಯುತ್ತಿದ್ದರು.

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಡಾಕ್ಟರು ಗೊರಸಿನ ಮೇಲಿನ ಹಿಮ್ಮಡಿಯ ಚರ್ಮ ನೋಡಿದರು. ಅಲ್ಲಿ ಎಣ್ಣೆ ಇಳಿದಲ್ಲೆಲ್ಲ ಕೂದಲು ಉದುರಿ ಬೊಬ್ಬೆ ಎದ್ದಿತ್ತು. ಆಮೇಲೆ ತಲೆಯೆತ್ತಿ, ಅಲ್ಲಿ ಸೆರಗಿನೊಳಗೆ ಕೈಯಿಟ್ಟು ನಿಂತಿದ್ದ ಒಬ್ಬಳೇ ಹೆಂಗಸಿನತ್ತ ನೋಡಿದರು.

“ಅಮ್ಮಾರ, ನಿಮ್ಮ ಕೈಗೆ ಏನಾಗೇತಿ?”

ಬಂಗಡೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಕುದುರೆ ನರಳಿತು. ದೊಡ್ಡದಾಗಿ ಅಲ್ಲ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ. ನಾನು ಕಾನ್ವೆಂಟಿನ ಹತ್ತು ವರ್ಷದಲ್ಲಿ ಎದ್ದು ನಿಲ್ಲದೆ ಉಳಿದದ್ದನ್ನೆಲ್ಲ ಸೇರಿಸಿ, ನಿಂತಲ್ಲೇ ಇನ್ನಷ್ಟು ನೆಟ್ಟಗೆ ನಿಂತು, “ಆ್ಯಕ್ಚುವಲಿ ಡಾಕ್ಟರ್, ಇಟ್ ವಾಸ್ ಮೀ. ಐ ಆ್ಯಮ್ ವೆರಿ ಸಾರಿ,” ಎಂದೆ. ತಪ್ಪೊಪ್ಪಿಗೆಯನ್ನು ಕನ್ನಡದಲ್ಲಿ ಮಾಡಲು ನನಗೆ ಬರುವುದಿಲ್ಲವೆಂದು ಆ ದಿನ ತಿಳಿಯಿತು.

“ಸಾರಿ ಕುದರಿಗೆ ಹೇಳ್ರಿ. ಏನ್ ಹಚ್ಚೀರಿ?”

“ಗೇರೆಣ್ಣೆ. ದೋಣಿಗೆ ಬಳಿಯೂದು.”

ಡಾಕ್ಟರು ಇನ್ನೊಮ್ಮೆ ಬಗ್ಗಿ ಆ ಹೊಳಪನ್ನು ನೋಡಿದರು. ಆಮೇಲೆ, “ದೋಣಿಗೆ ಯಾಕ ಹಚ್ತಾರ?” ಎಂದು ಪರೀಕ್ಷೆಯಲ್ಲಿ ಕೇಳುವ ಹಾಗೆ ಕೇಳಿದರು.

“ನೀರು ಒಳಗೆ ಹೋಗದ ಹಾಗೆ.”

“ಒಳಗ ಹೋಗಂಗಿಲ್ಲ. ಹೊರಗರ ಹ್ಯಾಂಗ ಬರಬೇಕ್ರಿ ಕೀವು?”

ಅಷ್ಟೇ. ಅದಕ್ಕಿಂತ ಹೆಚ್ಚು ಬಯ್ಯಲಿಲ್ಲ. ದೊಡ್ಡ ಇಕ್ಕಳದಂತಹ ಒಂದು ಸಾಮಾನಿನಿಂದ ಗೊರಸನ್ನು ಸುತ್ತಲೂ ಒತ್ತುತ್ತ ಬಂದರು. ಒಂದು ಕಡೆ ಒತ್ತಿದಾಗ ಕುದುರೆ ಕಾಲನ್ನು ಕಿತ್ತುಕೊಂಡಿತು. “ಇಲ್ಲೇ ಐತಿ.” ತುದಿ ಬಾಗಿದ ಸಣ್ಣ ಚಾಕುವಿನಿಂದ ಅಲ್ಲಿಯ ನನ್ನ ಹೊಳಪನ್ನು ಕೆರೆದರು. ಅದರಡಿ ಒಂದು ಕಪ್ಪು ಚುಕ್ಕೆ ಕಂಡಿತು. ಚುಕ್ಕೆಯ ಬೆನ್ನು ಹಿಡಿದು ಎಳೆಎಳೆಯಾಗಿ ಕೊರೆದರು, ತೆಂಗಿನಕಾಯಿಯ ಕಣ್ಣು ಬಿಡಿಸುವಷ್ಟು ತಾಳ್ಮೆಯಿಂದ. ಇದ್ದಕ್ಕಿದ್ದಂತೆ ಬೂದುಗಪ್ಪು ನೀರು ಚಿಮ್ಮಿತು. ಆ ವಾಸನೆಯ ಬಗ್ಗೆ ನನ್ನ ಚುರುಕು ಮೂಗು ಏನನ್ನೂ ಬರೆಯದಿರುವುದು ಒಳ್ಳೆಯದು. ಹಿಂದೆಯೇ ಉಗುರಿನ ತುದಿಯಷ್ಟು ಒಂದು ಚಿಪ್ಪಿನ ಚೂರು ಬಂತು. ಕಡಲತೀರದಲ್ಲಿ ಎಲ್ಲೋ ಬಂಡೆಯ ಬಳಿ ತುಳಿದದ್ದು, ವಾರದ ಹಿಂದೆಯೇ ಇರಬೇಕು.

“ಹಾಂಗಾರೆ ಅಕ್ಕೋರ ಎಣ್ಣೆಯಿಂದ ಆದದ್ದಲ್ಲ!” ಎಂದರು ವಯ್ನಿ ಗೆಲುವಿನಿಂದ.

“ಚುಚ್ಚಿದ್ದು ಚಿಪ್ಪು. ಬಾಗಲಾ ಹಾಕಿದ್ದು ಅಮ್ಮಾರು,” ಎಂದರು ಡಾಕ್ಟರು.

ನನಗೆ ಅಷ್ಟೇ ಪಾಲು ಸಿಕ್ಕಿತೆಂದು ಹಗುರವಾಯಿತು ಎಂದು ಹೇಳಿದರೆ ನಾಚಿಕೆಯಾಗುತ್ತದೆ. ಆದರೆ ಹಗುರವಾಯಿತು.

ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು ಡಾಕ್ಟರು ಹೇಳಿದ್ದು: ಬಾಲ್ದಿಯಲ್ಲಿ ಕೈಗೆ ತಡೆಯುವಷ್ಟು ಬಿಸಿನೀರು, ಅದಕ್ಕೆ ಮೆಡಿಕಲ್ಲಿನಲ್ಲಿ ಸಿಗುವ ಎಪ್ಸಮ್ ಸಾಲ್ಟ್, ಕಾಲನ್ನು ಇಪ್ಪತ್ತು ನಿಮಿಷ ಅದರಲ್ಲಿ ಇಡುವುದು, ದಿನಕ್ಕೆ ಎರಡು ಸಲ. ಆಮೇಲೆ ಒರೆಸಿ, ಅಯೋಡಿನ್ ಹಾಕಿ, ಕೊಳೆ ಸೇರದಂತೆ ಕಟ್ಟುವುದು. ಒಣಗಿದ ನೆಲದಲ್ಲಿ ನಿಲ್ಲಿಸುವುದು. ಹತ್ತು ದಿನ.

“ಹತ್ತು ದಿನ ಎಲ್ಲಿ? ಇಂದು ಸಂಜೆ ಗಾಡಿ ಬರ್ತದೆ,” ಎಂದರು ಯಜಮಾನರು.

ಡಾಕ್ಟರು ಅವರನ್ನೂ ತೊಳೆದು ಬಾಚಿದ ಬಾಲವನ್ನೂ ನೋಡಿ, “ಅದು ನಿಮ್ಮ ವಿಚಾರ. ಕಾಲಂತೂ ಆರಾಮ ಆಗ್ತದ,” ಎಂದು ಚೀಟಿ ನನ್ನ ಕೈಗೆ ಕೊಟ್ಟರು. “ಕಟ್ಟಲಿಕ್ಕ ಮಕ್ಕಳ ಡೈಪರ್ ಛಲೋ ಕೂಡ್ತದ್ರಿ. ಮ್ಯಾಲೆ ಪ್ಯಾಕಿಂಗ್ ಟೇಪ್ ಸುತ್ತಿಬಿಡ್ರಿ. ಮತ್ತ ಆ ಬಾಟ್ಲಿ...”

“ಎಸೀತೇನೆ ಡಾಕ್ಟರ್.”

“ಎಸೀಬ್ಯಾಡ್ರಿ. ದೋಣಿ ಇದ್ದವ್ರಿಗೆ ಕೊಡ್ರಿ.”

ಮೆಡಿಕಲ್ ಅಂಗಡಿಯವರು ನಮ್ಮ ಪರಿಚಯದವರು. ಎಪ್ಸಮ್ ಸಾಲ್ಟ್ ಕೊಟ್ಟರು, ಅಯೋಡಿನ್ ಕೊಟ್ಟರು. ಡೈಪರ್ ಎಂದಾಗ ಅವರ ಮುಖ ಅರಳಿತು. ನಮಗೆ ಮಕ್ಕಳಿಲ್ಲ, ಅದನ್ನು ಮರೆತಿದ್ದರೋ, ಇಲ್ಲ ಯಾರೋ ತಂಗಿಯ ಮಗಳ ಬಾಣಂತನವೆಂದು ಊಹಿಸಿದರೋ.

“ಅಭಿನಂದನೆ ಬಾಯಿ! ಗಂಡೋ ಹೆಣ್ಣೋ?”

“ಹೆಣ್ಣು,” ಎಂದೆ. ಅದು ಸುಳ್ಳಲ್ಲ.

“ಎಷ್ಟು ಕೆಜಿ? ಸೈಜು ತೂಕದ ಮೇಲೆ ಬರ್ತದೆ.”

ಮೂರೂವರೆ ಕ್ವಿಂಟಲ್ ಎಂದು ಹೇಳುವ ಧೈರ್ಯ ಬರಲಿಲ್ಲ. “ಸ್ವಲ್ಪ ದಪ್ಪ ಇದ್ದಾಳೆ,” ಎಂದೆ. ಎಲ್ಲಕ್ಕಿಂತ ದೊಡ್ಡ ಸೈಜಿನ ಪ್ಯಾಕೆಟ್ ಕೊಟ್ಟು, “ಬಾಣಂತಿ ಆರಾಮಾ?” ಎಂದು ಕೇಳಿದರು. ಆರಾಮ ಎಂದೆ. ಆ ವಾರ ಓಣಿಯಲ್ಲಿ ಇಬ್ಬರು ನನ್ನನ್ನು ಮಗು ನೋಡಲು ಯಾವಾಗ ಬರಬಹುದೆಂದು ಕೇಳಿದರು.

ವಯ್ನಿ ಹಿತ್ತಿಲ ಒಲೆಯ ಮೇಲೆ ಹಂಡೆ ಇಟ್ಟಿದ್ದರು. ಕುದುರೆಯ ಕಾಲನ್ನು ಬಾಲ್ದಿಯೊಳಗೆ ಇಳಿಸಿದಾಗ ಮೊದಲು ಅದು ಬೆಚ್ಚಿತು, ಆಮೇಲೆ ಕಣ್ಣು ಅರ್ಧ ಮುಚ್ಚಿ ಕೆಳತುಟಿ ಜೋತುಹಾಕಿತು. ಇಪ್ಪತ್ತು ನಿಮಿಷ ನಾವು ಮೂವರೂ ಆ ಬಾಲ್ದಿಯ ಸುತ್ತ ಕೂತೆವು. ನೀರು ತಣಿದಂತೆಲ್ಲ ವಯ್ನಿ ತಂಬಿಗೆಯಲ್ಲಿ ಬಿಸಿನೀರು ಸೇರಿಸುತ್ತಿದ್ದರು. ನಾನು ಸೇರಿಸಲು ಹೋದರೆ ನನ್ನ ಪಟ್ಟಿಯ ಕೈಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸುತ್ತಿದ್ದರು.

“ನೀವು ಹೇಳದೇ ಇದ್ರೂ ಆಗ್ತಿತ್ತು ಅಕ್ಕೋರೆ. ನಾವು ಹೇಳ್ತಿರಲಿಲ್ಲ.”

“ಗೊತ್ತು ವಯ್ನಿ. ಅದಕ್ಕೇ ಹೇಳಬೇಕಾಯ್ತು.”

“ಹೇಳಿದ್ರಿ, ಯಾರಿಗೂ ತಿಳೀದ ಭಾಷೆಲಿ.”

ಡೈಪರ್ ಗೊರಸಿಗೆ ಸರಿಯಾಗಿ ಕೂತಿತು. ಅದರ ಮೇಲೆ ಹಳದಿ ಕರಡಿಮರಿಗಳ ಚಿತ್ರವಿತ್ತು. ಕಂದು ಟೇಪನ್ನು ಸುತ್ತುವಾಗ ಯಜಮಾನರು ಒಂದು ಕರಡಿಯನ್ನು ಬಿಟ್ಟು ಸುತ್ತಿದ್ದನ್ನು ನಾನು ಗಮನಿಸಿದೆ. ಆಮೇಲೆ ಅವರು ಕೊಟ್ಟಿಗೆಯ ಒಣ ನೆಲಕ್ಕೆ ಭತ್ತದ ಹೊಟ್ಟು ಹರಡಿ ಕುದುರೆಯನ್ನು ಅಲ್ಲಿಗೆ ಕರೆದೊಯ್ದರು. ಗಾಡಿಯ ವಿಷಯ ಮಾತ್ರ ಎತ್ತಲಿಲ್ಲ. ಬೇಡವೆಂದು ಫೋನೂ ಮಾಡಲಿಲ್ಲ. ಮಾತು ಕೊಟ್ಟಾಗಿದೆ ಎಂಬುದು ಒಂದು. ಹತ್ತು ದಿನದ ನಂತರವೂ ಕಾಲು ಸರಿಯಾಗದಿದ್ದರೆ ಇನ್ನೊಮ್ಮೆ ಬಾಲ ಬಾಚಬೇಕಾದೀತು ಎಂಬುದು ಇನ್ನೊಂದಿರಬೇಕು. ನಾನು ಮನೆಗೆ ಬಂದು ಅನ್ನ ಬಡಿಸಿಕೊಂಡು ಕೂತೆ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತ, ಗಾಡಿ ಬಂದಾಗ ಏನು ಹೇಳಬೇಕೆಂದು ಭಾಷಣ ತಯಾರಿಸಿದೆ. ಕನ್ನಡದಲ್ಲಿ ಒಂದು, ಕೊಂಕಣಿಯಲ್ಲಿ ಒಂದು. ಪ್ರಾಣಿದಯೆಯ ಮೇಲೆ ಇಂಗ್ಲಿಷಿನಲ್ಲಿ ಹೈಸ್ಕೂಲಿನಲ್ಲಿ ಬರೆದು ಬಹುಮಾನ ಪಡೆದ ಪ್ರಬಂಧದ ಮೊದಲ ಪ್ಯಾರಾ ಕೂಡ ನೆನಪಾಯಿತು.

ಗಾಡಿ ನಾಲ್ಕೂವರೆಗೆ ಬಂತು. ಓಣಿಯಲ್ಲಿ ಹಿಮ್ಮುಖವಾಗಿ ತಂದು ಹಿಂದಿನ ಬಾಗಿಲು ಇಳಿಸಿ, ನೆಲದಿಂದ ಒಳಗೆ ಒಂದು ಅಗಲ ಹಲಗೆ ಹಾಕಿದರು. ಡ್ರೈವರು ಕೆಳಗಿಳಿದು ಕುದುರೆಯ ಕಾಲಿನ ಕರಡಿಮರಿಯನ್ನು ನೋಡಿ, “ಏನ್ ಮಾರಾಯಾ, ಇದ್ರ ಬಾರಸಾ ಆತೇನು?” ಎಂದು ಮಗುವಿಗೆ ಹೆಸರಿಡುವ ಶಾಸ್ತ್ರದ ಮಾತು ತೆಗೆದು ನಕ್ಕ. ಯಾರೂ ನಗಲಿಲ್ಲ.

ನಾನು ಗೋಡೆಯ ಬಳಿ ನಿಂತಿದ್ದೆ. ಗಂಟಲು ಸರಿಮಾಡಿಕೊಂಡೆ. ಮೂರೂ ಭಾಷಣಗಳು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಒಂದೂ ಹೊರಗೆ ಬರಲಿಲ್ಲ.

ಯಜಮಾನರು ಹಗ್ಗ ಹಿಡಿದು ಕುದುರೆಯನ್ನು ನಿಧಾನ ನಡೆಸಿಕೊಂಡು ಬಂದರು. ಅದು ಇನ್ನೂ ಕುಂಟುತ್ತಿತ್ತು, ಎಡಗಾಲನ್ನು ತುದಿಯಲ್ಲಷ್ಟೇ ಮುಟ್ಟಿಸಿ ಎತ್ತಿಕೊಳ್ಳುತ್ತಿತ್ತು. ಹಲಗೆಯ ಬಳಿ ನಿಂತಿತು. ಅವರು ಹಗ್ಗವನ್ನು ಎಳೆಯಲಿಲ್ಲ, ಸುಮ್ಮನೆ ತಾವು ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟರು. ಕುದುರೆ ಅವರನ್ನು ನೋಡಿತು. ಅವರು ಹೋದಲ್ಲಿಗೆ ಹೋಗಿ ಅಭ್ಯಾಸ ಅದಕ್ಕೆ. ಬಲಗಾಲನ್ನು ಎತ್ತಿ ಹಲಗೆಯ ಮೇಲಿಡಬೇಕಾದರೆ ಎಡಗಾಲಿನ ಮೇಲೆ ಭಾರ ಬಿಡಬೇಕು. ಎಡಗಾಲನ್ನು ನೆಲದ ಮೇಲಿಟ್ಟಿತು, ಸ್ವಲ್ಪ ತಡೆಯಿತು, ಆಮೇಲೆ ಪೂರ್ತಿ ಊರಿತು. ಡೈಪರಿನಿಂದ ಪುಸ್ಸೆಂದು ಗಾಳಿ ಹೊರಟ ಸದ್ದು ನನಗೂ ಕೇಳಿಸಿತು. ಬಲಗಾಲು ಹಲಗೆಯ ಮೇಲೆ ಟಪ್ ಎಂದಿತು.

ಯಜಮಾನರು ಅಲ್ಲೇ ನಿಂತರು.

“ಕಾಲು ಊರ್ತು,” ಎಂದರು.

“ಹಾಂ, ಹತ್ಸು ಮತ್ತೆ. ಛಲೋ ಆತು,” ಎಂದ ಡ್ರೈವರು.

“ಇಲ್ಲ. ಕಾಲು ಊರ್ತು,” ಎಂದರು ಅವರು ಇನ್ನೊಮ್ಮೆ, ಅವನಿಗೆ ಕಿವಿ ಕೇಳಿಸದು ಎಂಬಂತೆ. ಹಲಗೆಯಿಂದ ಇಳಿದು, ಕುದುರೆಯ ಎದೆಗೆ ಕೈಯಿಟ್ಟು ಹಿಂದೆ ಸರಿಸಿ, ಹಗ್ಗ ತಿರುಗಿಸಿ ಕೊಟ್ಟಿಗೆಯ ಕಡೆ ನಡೆದರು. ಡ್ರೈವರು ಅಷ್ಟು ದೂರದಿಂದ ಖಾಲಿ ಬಂದದ್ದು, ಘಟ್ಟ ಇಳಿದದ್ದು, ಕೊಟ್ಟ ಮಾತು, ಎಲ್ಲವನ್ನೂ ಎತ್ತಿ ಕೂಗಾಡಿದ. ಅವರು ತಿರುಗಿ ನೋಡಲಿಲ್ಲ. ವಯ್ನಿ ಅವನಿಗೆ ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು, ಅವನು ಬಯ್ಯುವುದು ಮುಗಿಯುವ ತನಕ ತಲೆಯಾಡಿಸುತ್ತ ನಿಂತರು. ಕೊನೆಗೆ ಅವನೇ ಲೋಟ ತೊಳೆದಿಟ್ಟು ಹಲಗೆ ಎತ್ತಿಕೊಂಡು ಹೋದ.

ನನ್ನ ಭಾಷಣಗಳು ಯಾರ ಉಪಯೋಗಕ್ಕೂ ಬಾರದೆ ಉಳಿದವು. ಕುದುರೆಯ ವಿಷಯದಲ್ಲಿ ನಾನು ಬಾಯಿ ಬಿಟ್ಟಾಗ ಕೆಟ್ಟಿತು, ಮುಚ್ಚಿಕೊಂಡಾಗ ಸರಿಹೋಯಿತು.

ಆರು ಗಂಟೆಗೆ ಎರಡನೆಯ ಸಲದ ಬಿಸಿನೀರಿಗೆ ಹೋದೆ. ಯಜಮಾನರು ಕೊಟ್ಟಿಗೆಯಲ್ಲಿ ಕುದುರೆಯ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. ಹಿಂದಿನ ದಿನದ್ದೂ ಆ ದಿನದ್ದೂ ಸೇರಿ ಒಂದೇ ಊಟವಿರಬೇಕು, ತಟ್ಟೆ ಹಾಗೆ ತುಂಬಿತ್ತು. ಕುದುರೆ ಹುಲ್ಲು ಜಗಿಯುತ್ತಿತ್ತು. ಇಬ್ಬರೂ ಜಗಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾನು “ಗುಡ್ ಗರ್ಲ್” ಎನ್ನಲು ಹೋಗಿ ಸುಮ್ಮನಾದೆ.

ಕಾಲು ನೆನೆಸಿ ಕಟ್ಟಿಯಾದ ಮೇಲೆ ವಯ್ನಿ ಒಲೆಯಿಂದ ಕೊನೆಯ ಕೊಳ್ಳಿಯನ್ನು ಎಳೆದು ನೀರು ಚಿಮುಕಿಸಿದರು. ಬಾಲ್ದಿಯನ್ನು ಬಗ್ಗಿಸಿ ಚೆಲ್ಲಿ, ಅಂಗಳದ ಮೂಲೆಯಲ್ಲಿ ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡದೆಯೇ ಹೇಳಿದರು:

“ಅಕ್ಕೋರೆ, ನಾಳೆ ಬೆಳಿಗ್ಗೆದು ಬಿಸಿನೀರು ನಿಮ್ಮನೆ ಗ್ಯಾಸಿನ ಮೇಲೆ ಕಾಯ್ಸಿ. ಕಟ್ಟಿಗೆ ಖಾಲಿ ಆತು.”